ಮನಸ್ಸು ಕೈಮೀರಿದಾಗ: ಯಾರಿಗೆ ಫೋನ್ ಮಾಡಬೇಕು, ಎಲ್ಲಿಗೆ ಕರೆದುಕೊಂಡು ಹೋಗಬೇಕು

14416.

ಈ ಬರಹ ಪೂರ್ತಿ ಓದಲು ಈಗ ಪುರುಸೊತ್ತಿಲ್ಲದಿದ್ದರೆ ಈ ಒಂದು ನಂಬರನ್ನು ಫೋನಿನಲ್ಲಿ ಸೇವ್ ಮಾಡಿಕೊಂಡುಬಿಡಿ. ಟೆಲಿ ಮಾನಸ್ ಅಂತ ಇದರ ಹೆಸರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಯಾರಾದರೂ ಈಗಾಗಲೇ ಏನನ್ನಾದರೂ ಕುಡಿದಿದ್ದರೆ, ನುಂಗಿದ್ದರೆ, ಗಾಯ ಮಾಡಿಕೊಂಡಿದ್ದರೆ ಮಾತ್ರ ಮೊದಲ ಫೋನ್ 108ಕ್ಕೆ ಅಥವಾ 112ಕ್ಕೆ.

ನೀವೇ ಆ ಸ್ಥಿತಿಯಲ್ಲಿದ್ದು ಇದನ್ನು ಓದುತ್ತಿದ್ದರೆ, ಮೊದಲು ನಿಮಗೆ ನಾಲ್ಕು ಮಾತು. ಸಾಯಬೇಕು ಅನ್ನುವ ಒತ್ತಡ ಒಂದೇ ಸಮ ಇರುವುದಿಲ್ಲ. ಏರುತ್ತದೆ, ಒಂದು ಹಂತ ಮುಟ್ಟುತ್ತದೆ, ಇಳಿಯುತ್ತದೆ. ಏರಿದ ಹೊತ್ತಿನಲ್ಲಿ ಅದು ಇಳಿಯುತ್ತದೆ ಅಂತ ನಂಬಿಕೆಯೇ ಬರುವುದಿಲ್ಲ, ಕಷ್ಟ ಇರುವುದು ಅಲ್ಲೇ. ಹಾಗಾಗಿ ಈಗ ಯಾವ ತೀರ್ಮಾನವೂ ಬೇಡ. ಕೋಣೆಯಿಂದ ಎದ್ದು ಜನ ಇರುವ ಕಡೆ ಬನ್ನಿ. ಅಡುಗೆಮನೆ ಆದರೂ ಸರಿ, ಪಕ್ಕದ ಮನೆ ಜಗಲಿ ಆದರೂ ಸರಿ, ಹಾಸ್ಟೆಲಿನ ಪಕ್ಕದ ರೂಮಾದರೂ ಸರಿ. ಒಬ್ಬರಿಗೆ ಹೇಳಿ. ಕಾರಣ, ಕಥೆ ಎಲ್ಲ ಹೇಳಬೇಕಾಗಿಲ್ಲ. ‘ನನಗೆ ಇವತ್ತು ಒಬ್ಬನೇ ಇರಲು ಭಯ ಆಗ್ತಿದೆ, ನನ್ನ ಜೊತೆ ಇರು’ ಅಂದರೆ ಸಾಕು. ಹೇಳುವಂಥವರು ಯಾರೂ ಇಲ್ಲ ಅನ್ನಿಸಿದರೆ 14416ಕ್ಕೆ ಮಾಡಿ. ಮಾತು ಹೊರಡದಿದ್ದರೆ ‘ಮಾತಾಡಕ್ಕೆ ಆಗ್ತಿಲ್ಲ’ ಅಂತಲೇ ಶುರುಮಾಡಿ. ಅಂಥ ಕರೆಗಳು ಅವರಿಗೆ ಹೊಸದಲ್ಲ.

ಇನ್ನು ಮನೆಯವರ ವಿಷಯಕ್ಕೆ ಬರೋಣ.

ಕಾಯಿಲೆ ಯಾವುದು ಅಂತ ಹುಡುಕುತ್ತಾ ಕೂರಬೇಡಿ

ಮನೆಯಲ್ಲಿ ಒಬ್ಬರ ಮನಸ್ಸು ಕೆಟ್ಟಾಗ ಎಲ್ಲರೂ ಒಂದೇ ಚರ್ಚೆಗೆ ಬೀಳುತ್ತಾರೆ. ಇದು ಡಿಪ್ರೆಶನ್ನಾ, ನಾಟಕವಾ, ಗಾಳಿ ಸೋಕಿದ್ದಾ, ಕುಡಿದು ಹೀಗಾಗಿದ್ದಾ? ಚಿಕ್ಕಪ್ಪ ಒಂದು ಹೇಳುತ್ತಾರೆ, ಅತ್ತೆ ಇನ್ನೊಂದು ಹೇಳುತ್ತಾರೆ. ಈ ಚರ್ಚೆಯಲ್ಲೇ ನಾಲ್ಕು ದಿನ ಹೋಗುತ್ತದೆ. ಕಾಯಿಲೆಯ ಹೆಸರು ಹೇಳುವುದು ಡಾಕ್ಟರ ಕೆಲಸ. ಮನೆಯವರು ತೀರ್ಮಾನಿಸಬೇಕಾದ್ದು ಒಂದೇ: ನಮಗೆ ಎಷ್ಟು ಸಮಯ ಇದೆ? ಈ ನಿಮಿಷವೇ ಹೊರಡಬೇಕಾ, ಇವತ್ತು ಸಂಜೆಯೊಳಗೆ ತೋರಿಸಬೇಕಾ, ಈ ವಾರದಲ್ಲಿ ಆದರೆ ಸಾಕಾ?

ಈ ನಿಮಿಷ ಅಂದರೆ: ಜೀವಕ್ಕೆ ಅಪಾಯ ಮಾಡಿಕೊಂಡಾಗಿದೆ, ಅಥವಾ ಮಾಡಿಕೊಳ್ಳಲು ಬೇಕಾದ್ದನ್ನು ಕೈಯಲ್ಲಿ ಹಿಡಿದಿದ್ದಾರೆ, ಅಥವಾ ಇನ್ನೊಬ್ಬರ ಮೇಲೆ ಕೈಮಾಡುತ್ತಿದ್ದಾರೆ, ಅಥವಾ ಪ್ರಜ್ಞೆ ಏರುಪೇರಾಗಿದೆ. ಇವತ್ತೇ ಅಂದರೆ: ಸಾಯುವ ಮಾತು ಆಡುತ್ತಿದ್ದಾರೆ, ಮೂರು ನಾಲ್ಕು ರಾತ್ರಿಯಿಂದ ನಿದ್ದೆಯಿಲ್ಲ, ಊಟ ನೀರು ಬಿಟ್ಟಿದ್ದಾರೆ, ಯಾರೋ ಕೊಲ್ಲಲು ಬರುತ್ತಿದ್ದಾರೆ ಅನ್ನುತ್ತಿದ್ದಾರೆ, ಕಿವಿಯಲ್ಲಿ ಯಾರೋ ಮಾತಾಡುತ್ತಿದ್ದಾರೆ ಅನ್ನುತ್ತಿದ್ದಾರೆ. ಮಿಕ್ಕ ಬೇಸರ, ಆತಂಕ, ಅಳು, ಯಾವ ಕೆಲಸದಲ್ಲೂ ಮನಸ್ಸಿಲ್ಲದಿರುವುದು ಈ ವಾರದ ಲೆಕ್ಕಕ್ಕೆ ಬರುತ್ತವೆ. ಮುಂದಿನ ತಿಂಗಳಿಗೆ ತಳ್ಳುವಂತಿಲ್ಲ ಅಷ್ಟೇ.

ಕೆಲವು ತೊಂದರೆಗಳು ಮನಸ್ಸಿನದರ ಹಾಗೆ ಕಾಣುತ್ತವೆ, ಆದರೆ ಮೂಲ ದೇಹದಲ್ಲಿರುತ್ತದೆ. ಇವುಗಳ ಬಗ್ಗೆ ಜಾಸ್ತಿ ಹೇಳಬೇಕು. ಗೊತ್ತಿಲ್ಲದೆ ಹೋಗುವ ಜೀವಗಳು ಇಲ್ಲಿವೆ.

ಒಂದು, ಕುಡಿತ ಬಿಟ್ಟ ಮೂರನೇ ದಿನ. ಹತ್ತಾರು ವರ್ಷ ದಿನಾ ಕುಡಿದವರು ಒಮ್ಮೆಗೇ ನಿಲ್ಲಿಸುತ್ತಾರೆ. ಮಾಲೆ ಹಾಕಿದ್ದಕ್ಕೋ, ಮನೆಯವರು ಕೋಣೆಯಲ್ಲಿ ಕೂಡಿಹಾಕಿದ್ದಕ್ಕೋ, ಕಾಲು ಮುರಿದು ಆಸ್ಪತ್ರೆಯಲ್ಲಿ ಮಲಗಿದ್ದಕ್ಕೋ. ಮೊದಲ ದಿನ ಕೈನಡುಕ, ಬೆವರು. ಆಮೇಲೆ ಫಿಟ್ಸ್ ಬರಬಹುದು. ಎರಡು ಮೂರು ದಿನದಲ್ಲಿ ಗೋಡೆ ಮೇಲೆ ಹುಳ ಹರಿದಂತೆ ಕಾಣುವುದು, ಇಲ್ಲದವರ ಜೊತೆ ಮಾತು, ಎಲ್ಲಿದ್ದೇನೆ ಅಂತ ತಿಳಿಯದಿರುವುದು. ಮನೆಯವರು ತಲೆಕೆಟ್ಟಿತು ಅಂದುಕೊಳ್ಳುತ್ತಾರೆ. ಚಿಕಿತ್ಸೆ ಇಲ್ಲದಿದ್ದರೆ ಇದು ಪ್ರಾಣಕ್ಕೇ ಕುತ್ತು, ಸಿಕ್ಕಿದರೆ ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ. ಕುಡಿತ ಬಿಡಿಸುವುದಾದರೆ ಡಾಕ್ಟರ ಜೊತೆ ಮಾತಾಡಿ ಬಿಡಿಸಿ. ಬೀಗ ಹಾಕಿ ಬಿಡಿಸಬೇಡಿ.

ಇನ್ನೊಂದು, ವಯಸ್ಸಾದವರಲ್ಲಿ ಇದ್ದಕ್ಕಿದ್ದಂತೆ ಶುರುವಾಗುವ ಗೊಂದಲ. ನಿನ್ನೆ ತನಕ ಚೆನ್ನಾಗಿದ್ದ ಅಜ್ಜಿ ಇವತ್ತು ಮಗನ ಗುರುತು ಹಿಡಿಯುತ್ತಿಲ್ಲ, ರಾತ್ರಿಯೆಲ್ಲ ಸೀರೆ ಎಳೆದಾಡಿಕೊಂಡು ಬಡಬಡಿಸುತ್ತಾರೆ. ಇದು ಅರಳುಮರಳು ಅಲ್ಲ. ಅರಳುಮರಳು ತಿಂಗಳು, ವರ್ಷಗಳ ಲೆಕ್ಕದಲ್ಲಿ ನಿಧಾನ ಬರುತ್ತದೆ. ರಾತ್ರೋರಾತ್ರಿ ಬಂದರೆ ಮೂತ್ರದ ಸೋಂಕು, ಸೋಡಿಯಂ ಇಳಿದಿರುವುದು, ಸಕ್ಕರೆ ಏರುಪೇರು, ಪಾರ್ಶ್ವವಾಯು, ಹೊಸ ಮಾತ್ರೆಯ ಪರಿಣಾಮ, ಹೀಗೆ ಏನೋ ಒಂದು ಇರುತ್ತದೆ. ಇವರನ್ನು ಮನೋವೈದ್ಯರ ಕ್ಲಿನಿಕ್ಕಿಗೆ ಕರೆದೊಯ್ಯಬೇಡಿ, ಸೀದಾ ದೊಡ್ಡ ಜನರಲ್ ಆಸ್ಪತ್ರೆಗೆ ಹೋಗಿ.

ಮೂರನೆಯದು ಮನಸ್ಸಿನ ಕಾಯಿಲೆಯೇ, ಆದರೆ ಇಷ್ಟೇ ತುರ್ತಿನದು: ಬಾಣಂತಿ ಸನ್ನಿ. ಹೆಚ್ಚಾಗಿ ಹೆರಿಗೆಯಾದ ಎರಡು ವಾರದೊಳಗೆ ಬರುತ್ತದೆ. ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬರುವುದಿಲ್ಲ. ಮಗು ನನ್ನದಲ್ಲ, ಬದಲಾಯಿಸಿದ್ದಾರೆ ಅನ್ನಬಹುದು. ಒಂದು ಗಳಿಗೆ ನಗು, ಒಂದು ಗಳಿಗೆ ಅಳು. ತಾಯಿ, ಮಗು ಇಬ್ಬರಿಗೂ ಅಪಾಯ ಇರುವುದರಿಂದ ಅವತ್ತೇ ಆಸ್ಪತ್ರೆ ಸೇರಿಸಬೇಕು. ತವರುಮನೆಯವರು ‘ದೃಷ್ಟಿಯಾಗಿದೆ, ಹನ್ನೊಂದನೇ ದಿನ ಕಳೀಲಿ’ ಅಂತ ಕಾಯುವುದೇ ಇಲ್ಲಿ ದೊಡ್ಡ ತೊಡಕು. ದೃಷ್ಟಿ ತೆಗೆಯಿರಿ, ಬೇಡ ಅನ್ನುವವರು ಯಾರು? ಜೊತೆಗೆ ಆಸ್ಪತ್ರೆಗೂ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಬೇರೆ ಮಾಡದೆ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ವಾರ್ಡೇ ಇದೆ.

ಕೇಳುವುದು ಹೇಗೆ

ಸಾಯುವ ಯೋಚನೆ ಇದೆಯಾ ಅಂತ ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹಾಗಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳುತ್ತದೆ. ಕೇಳಿದಾಗ ಹೆಚ್ಚಿನವರಿಗೆ ಎದೆಯ ಭಾರ ಇಳಿದಂತಾಗುತ್ತದೆ, ‘ಅಂತೂ ಒಬ್ಬರು ಕೇಳಿದರಲ್ಲ’ ಅಂತ.

ಎಲ್ಲರೆದುರು ಬೇಡ. ಬೈಕಿನಲ್ಲಿ ಹೋಗುವಾಗ, ಕೊಟ್ಟಿಗೆಯಲ್ಲಿ ಕೆಲಸ ಮಾಡುವಾಗ, ಮುಖಕ್ಕೆ ಮುಖ ಕೊಡಬೇಕಾಗಿಲ್ಲದ ಹೊತ್ತು ಒಳ್ಳೆಯದು. ‘ಏನೋ ಮಗಾ, ಕೆಲವು ದಿನದಿಂದ ನೋಡ್ತಿದೀನಿ, ಊಟ ಸರಿಯಾಗಿ ಮಾಡ್ತಿಲ್ಲ. ಬದುಕೇ ಬೇಡ ಅನ್ನಿಸ್ತಿದೆಯಾ?’ ಇಷ್ಟು ಸಾಕು. ಹೌದು ಅಂದರೆ ಗಾಬರಿ ಬೀಳದೆ ಮುಂದಿನದನ್ನು ಕೇಳಿ: ಎಷ್ಟು ದಿನದಿಂದ? ಹೇಗೆ ಅಂತ ಯೋಚನೆ ಮಾಡಿದ್ದೀಯಾ? ಹಿಂದೆ ಯಾವಾಗಲಾದರೂ ಪ್ರಯತ್ನ ಮಾಡಿದ್ದೆಯಾ? ಹೇಗೆ, ಯಾವಾಗ ಅಂತ ತೀರ್ಮಾನಿಸಿಕೊಂಡಿದ್ದರೆ, ಬೇಕಾದ್ದು ಹತ್ತಿರದಲ್ಲೇ ಇದ್ದರೆ, ಹಿಂದೆ ಒಮ್ಮೆ ಪ್ರಯತ್ನ ಆಗಿದ್ದರೆ ಅದು ಈ ನಿಮಿಷದ ವಿಷಯ. ಬಹಳ ದಿನ ಒದ್ದಾಡುತ್ತಿದ್ದವರು ಇದ್ದಕ್ಕಿದ್ದಂತೆ ಶಾಂತರಾಗಿ ಸಾಲ ತೀರಿಸುವುದು, ಇಷ್ಟದ ವಸ್ತುಗಳನ್ನು ಹಂಚುವುದು, ಎಲ್ಲರಿಗೂ ಫೋನ್ ಮಾಡಿ ‘ಚೆನ್ನಾಗಿರಿ’ ಅನ್ನುವುದು ಕಂಡರೂ ಅಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ. ‘ಈಗ ಸರಿಹೋದ’ ಅಂತ ನೆಮ್ಮದಿಯಿಂದ ಮಲಗುವ ರಾತ್ರಿ ಅದಲ್ಲ.

ಆಮೇಲೆ ಏನು ಹೇಳಬೇಕು? ಜಾಸ್ತಿ ಏನೂ ಬೇಡ. ‘ನಿನಗೇನು ಕಡಿಮೆಯಾಗಿದೆ’, ‘ನಿನ್ನ ವಯಸ್ಸಿನಲ್ಲಿ ನಾವು ಎಂತೆಂಥ ಕಷ್ಟ ಪಟ್ಟಿದ್ದೇವೆ’, ‘ಹೆಂಡತಿ ಮಕ್ಕಳ ಮುಖ ನೋಡು’ ಇವೆಲ್ಲ ಪ್ರೀತಿಯಿಂದಲೇ ಬರುವ ಮಾತು. ಕೇಳುವವರಿಗೆ ಮಾತ್ರ ಬೈದ ಹಾಗಿರುತ್ತದೆ. ಸುಮ್ನೆ ಕೂತು ಕೇಳಿಸಿಕೊಳ್ಳಿ. ‘ಯಾರಿಗೂ ಹೇಳಲ್ಲ’ ಅಂತ ಆಣೆ ಮಾತ್ರ ಇಡಬೇಡಿ. ‘ಇದನ್ನ ನಾನೊಬ್ಬನೇ ಇಟ್ಟುಕೊಳ್ಳಕ್ಕಾಗಲ್ಲ, ಡಾಕ್ಟರಿಗೆ ಹೇಳೋಣ, ನಾನೂ ಜೊತೆಗೆ ಬರ್ತೀನಿ’ ಅನ್ನಿ.

ಅವತ್ತೇ ಮಾಡಬೇಕಾದ ಕೆಲಸ ಇನ್ನೊಂದಿದೆ. ಹೊಲಕ್ಕೆ ಹೊಡೆಯುವ ಔಷಧಿ, ಮನೆಯಲ್ಲಿ ಸೇರಿರುವ ಮಾತ್ರೆಗಳ ರಾಶಿ, ಕೋವಿ ಇರುವ ಮನೆಯಾದರೆ ಕೋವಿ, ಎಲ್ಲವನ್ನೂ ಬೇರೆಯವರ ಮನೆಗೆ ಸಾಗಿಸಿ ಅಥವಾ ಬೀಗದೊಳಗೆ ಇಟ್ಟು ಕೀ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಮನಸ್ಸು ಮಾಡಿದವರು ಇನ್ನೇನಾದರೂ ಹುಡುಕಿಕೊಳ್ಳುತ್ತಾರೆ ಅನ್ನುವುದು ಸರಿಯಲ್ಲ. ಒತ್ತಡ ಏರಿದ ಆ ಸ್ವಲ್ಪ ಹೊತ್ತು ಕೈಗೆ ಏನೂ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತವೆ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಆತ್ಮಹತ್ಯೆಯ ಪ್ರಮಾಣವೇ ಅರ್ಧಕ್ಕಿಂತ ಕೆಳಗೆ ಇಳಿಯಿತು.

ಭ್ರಮೆಯಲ್ಲಿ ಇರುವವರ ಜೊತೆ ಮಾತಾಡುವ ಕ್ರಮ ಬೇರೆ. ‘ಎದುರು ಮನೆಯವರು ನಮ್ಮ ಮನೆಯೊಳಗೆ ಕ್ಯಾಮೆರಾ ಇಟ್ಟಿದ್ದಾರೆ’ ಅನ್ನುವ ತಮ್ಮನ ಜೊತೆ ವಾದ ಮಾಡಿ ಗೆಲ್ಲಲು ಆಗುವುದಿಲ್ಲ. ಹೌದು ಅಂತ ತಲೆಯಾಡಿಸುವುದೂ ಬೇಡ. ‘ನಂಗೆ ಹಾಗೆ ಕಾಣ್ತಿಲ್ಲ, ಆದ್ರೆ ನಿಂಗೆ ತುಂಬ ಭಯ ಆಗ್ತಿದೆ ಅಲ್ವಾ. ನಾನು ಇಲ್ಲೇ ಇರ್ತೀನಿ’ ಅನ್ನಿ. ಒಬ್ಬರೇ ಮಾತಾಡಿ, ಮೆಲ್ಲಗೆ ಮಾತಾಡಿ. ಟಿವಿ ಆರಿಸಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ. ‘ಮದುವೆಗೆ ಹೋಗೋಣ ಬಾ’ ಅಂತ ಸುಳ್ಳು ಹೇಳಿ ಆಸ್ಪತ್ರೆಗೆ ಕರೆದೊಯ್ಯುವ ಉಪಾಯವನ್ನು ಎಲ್ಲ ಊರಿನಲ್ಲೂ ಮಾಡುತ್ತಾರೆ. ಒಮ್ಮೆ ನಡೆಯುತ್ತದೆ, ಎರಡನೇ ಸಲ ಅವರು ನಿಮ್ಮ ಜೊತೆ ಗಾಡಿಯನ್ನೇ ಹತ್ತುವುದಿಲ್ಲ. ಅದರ ಬದಲು ಅವರಿಗೇ ತೊಂದರೆ ಅನ್ನಿಸಿರುವ ಒಂದನ್ನು ಹಿಡಿಯಿರಿ. ‘ನಿದ್ದೆ ಬರ್ತಿಲ್ಲ ಅಂತೀಯಲ್ಲ, ಅದಕ್ಕೊಂದು ತೋರಿಸೋಣ.’ ಸುಳ್ಳೂ ಅಲ್ಲ, ಕೆಲಸವೂ ಆಗುತ್ತದೆ.

14416ಕ್ಕೆ ಮಾಡಿದರೆ ಏನಾಗುತ್ತದೆ

ಟೆಲಿ ಮಾನಸ್ ಶುರುವಾಗಿದ್ದು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು. ಇಡೀ ದೇಶಕ್ಕೆ ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. 20 ಭಾಷೆಗಳಲ್ಲಿ ನಡೆಯುತ್ತದೆ. 14416 ಹತ್ತದಿದ್ದರೆ 1800-891-4416 ಅಂತ ಇನ್ನೊಂದು ನಂಬರ್ ಇದೆ. 2024ರಲ್ಲಿ ಮೊಬೈಲ್ ಆಪ್ ಕೂಡ ಬಂತು.

ಕರೆ ಮಾಡಿದಾಗ ಮೊದಲು ಭಾಷೆ ಆರಿಸಿಕೊಳ್ಳಬೇಕು. ಆಮೇಲೆ ತರಬೇತಿ ಪಡೆದ ಆಪ್ತಸಮಾಲೋಚಕರು ಸಿಗುತ್ತಾರೆ. ಅವರ ಕೈಲಿ ಆಗುವಷ್ಟು ಅವರು ನೋಡುತ್ತಾರೆ, ಜಾಸ್ತಿ ಬೇಕಾದರೆ ಮನೋವೈದ್ಯರಿಗೋ ಮನಶ್ಶಾಸ್ತ್ರಜ್ಞರಿಗೋ ದಾಟಿಸುತ್ತಾರೆ. ಎದುರಾಎದುರು ನೋಡಲೇಬೇಕು ಅನ್ನಿಸಿದರೆ ನಿಮ್ಮ ಜಿಲ್ಲೆಯಲ್ಲಿ ಎಲ್ಲಿಗೆ ಹೋಗಬೇಕು ಅಂತ ಹೇಳುತ್ತಾರೆ.

ಗಾಬರಿಯಲ್ಲಿ ಫೋನ್ ಮಾಡಿದಾಗ ಎಲ್ಲರೂ ಕಥೆಯನ್ನು ಹತ್ತು ವರ್ಷ ಹಿಂದಿನಿಂದ ಶುರುಮಾಡುತ್ತಾರೆ. ಹೀಗೆ ಹೇಳಿ ನೋಡಿ: ‘ನಾನು ಹಾಸನ ಜಿಲ್ಲೆ ಅರಸೀಕೆರೆಯಿಂದ ಮಾತಾಡ್ತಿದೀನಿ. ನನ್ನ ತಮ್ಮನಿಗೆ 24 ವರ್ಷ. ನಾಲ್ಕು ದಿನದಿಂದ ನಿದ್ದೆ ಇಲ್ಲ, ಯಾರೋ ಹಿಂಬಾಲಿಸ್ತಿದಾರೆ ಅಂತಾನೆ. ಬೆಳಗ್ಗೆಯಿಂದ ಊಟ ಮಾಡಿಲ್ಲ. ಯಾರಿಗೂ ಹೊಡೆದಿಲ್ಲ. ಕುಡಿಯಲ್ಲ. ಎರಡು ವರ್ಷದ ಹಿಂದೆ ಮಾತ್ರೆ ತಗೊಂಡಿದ್ದ, ನಿಲ್ಲಿಸಿಬಿಟ್ಟ. ಈಗ ಮನೆಯಲ್ಲಿದಾನೆ, ಅಪ್ಪ ಜೊತೆಗಿದಾರೆ. ಎಲ್ಲಿಗೆ ಕರ್ಕೊಂಡು ಹೋಗ್ಲಿ?’ ಊರು, ವಯಸ್ಸು, ಎಷ್ಟು ದಿನದಿಂದ, ಈಗ ಅಪಾಯ ಇದೆಯಾ, ಹಳೇ ಔಷಧಿ, ಜೊತೆಯಲ್ಲಿ ಯಾರಿದ್ದಾರೆ, ನಿಮಗೇನು ಬೇಕು. ಒಂದು ನಿಮಿಷದೊಳಗೆ ಎಲ್ಲ ಬಂತು.

ಇತಿಮಿತಿಯೂ ಗೊತ್ತಿರಲಿ. ಫೋನಿನ ಆ ತುದಿಯಲ್ಲಿರುವವರು ನಿಮ್ಮ ಮನೆಗೆ ಬಂದು ಕರೆದೊಯ್ಯುವುದಿಲ್ಲ. ಕೆಲವೊಮ್ಮೆ ಕಾಯಬೇಕಾಗುತ್ತದೆ. ಮಾತಾಡಿದವರ ಜೊತೆ ನಿಮಗೆ ಹೊಂದದೇ ಇರಬಹುದು, ಇಟ್ಟು ಮತ್ತೆ ಮಾಡಿ, ಬೇರೆಯವರು ಸಿಗುತ್ತಾರೆ. ಮಕ್ಕಳಿಗೆ 1098, ಮನೆಯಲ್ಲಿ ಹಿಂಸೆ ಇರುವ ಹೆಂಗಸರಿಗೆ 181, ಹಿರಿಯರಿಗೆ 14567, ಕುಡಿತ ಮತ್ತು ಬೇರೆ ಚಟಗಳಿಗೆ 14446 ಅಂತ ಬೇರೆ ಸಾಲುಗಳೂ ಇವೆ. ಹೆಣ್ಣುಮಗಳ ಸಂಕಟಕ್ಕೆ ಗಂಡನ ಹೊಡೆತವೇ ಕಾರಣ ಆಗಿದ್ದರೆ ಮಾತ್ರೆಗಿಂತ ಮೊದಲು ಬೇಕಾದ್ದು 181.

ಎಲ್ಲಿಗೆ ಹೋಗಬೇಕು

ಮನಸ್ಸಿನ ಕಾಯಿಲೆ ಅಂದಕೂಡಲೇ ನಮ್ಮ ಜನರ ತಲೆಯಲ್ಲಿ ಬರುವುದು ನಿಮ್ಹಾನ್ಸ್. ಹೊಸೂರು ರಸ್ತೆಯ ಆ ಆಸ್ಪತ್ರೆಯಲ್ಲಿ ತುರ್ತು ವಿಭಾಗ 24 ಗಂಟೆಯೂ ತೆರೆದಿರುತ್ತದೆ, ನಿಜ. ಆದರೆ ರಾಯಚೂರಿನಿಂದಲೋ ಕಾರವಾರದಿಂದಲೋ ಉದ್ರೇಕದಲ್ಲಿರುವ ಒಬ್ಬರನ್ನು ರಾತ್ರಿಯೆಲ್ಲ ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಬರುವುದು ಅಪಾಯದ ಕೆಲಸ. ಮೊದಲು ಹತ್ತಿರದ ಜಿಲ್ಲಾಸ್ಪತ್ರೆ ಅಥವಾ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ. ಅಲ್ಲಿ ಮನೋವೈದ್ಯ ವಿಭಾಗ ಇರುತ್ತದೆ. ಒಂದು ಇಂಜೆಕ್ಷನ್ ಕೊಟ್ಟು, ಒಂದು ರಾತ್ರಿ ಮಲಗಿಸಿದ ಮೇಲೆ ಮುಂದಿನದನ್ನು ಯೋಚಿಸಬಹುದು. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಬ್ರಿಟಿಷರ ಕಾಲದಿಂದ ಬಂದ ಮಾನಸಿಕ ಆಸ್ಪತ್ರೆಯೇ ಈಗ ಆ ಸಂಸ್ಥೆಯಾಗಿದೆ.

ದೊಡ್ಡ ಆಸ್ಪತ್ರೆಯೇ ಬೇಕು ಅನ್ನುವುದನ್ನು ನಮ್ಮ ರಾಜ್ಯವೇ ಸುಳ್ಳು ಮಾಡಿದೆ. 1985ರಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಊರ ಹತ್ತಿರವೇ ಚಿಕಿತ್ಸೆ ಸಿಗುವ ಹಾಗೆ ಮಾಡಿ ತೋರಿಸಿದರು. ಅದೇ ಮಾದರಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ (ಇಂಗ್ಲಿಷಿನಲ್ಲಿ ಚುಟುಕಾಗಿ ಡಿಎಂಎಚ್‌ಪಿ) ಶುರುವಾಗಿ, ಆಮೇಲೆ ದೇಶಕ್ಕೆಲ್ಲ ಹರಡಿತು. ಹಾಗಾಗಿ ಈಗ ಜಿಲ್ಲಾಸ್ಪತ್ರೆಗೆ ಹೋಗಿ ‘ಡಿಎಂಎಚ್‌ಪಿ ಎಲ್ಲಿ’ ಅಂತ ಕೇಳಿದರೆ ದಾರಿ ತೋರಿಸುತ್ತಾರೆ. ಕರ್ನಾಟಕದಲ್ಲಿ ಮನೋಚೈತನ್ಯ ಅಂತ ಇನ್ನೊಂದು ಏರ್ಪಾಡಿದೆ. ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ. ಆಶಾ ಕಾರ್ಯಕರ್ತೆಯರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ.

ಸೋಮವಾರ ರಾತ್ರಿ ಏನಾದರೂ ಆದರೆ? ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರು ‘ಇಲ್ಲಿ ಮನೋವೈದ್ಯರಿಲ್ಲ, ಬೆಂಗಳೂರಿಗೆ ಹೋಗಿ’ ಅಂತ ಬಾಗಿಲಿನಿಂದಲೇ ಕಳಿಸುವುದುಂಟು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 94ನೇ ಸೆಕ್ಷನ್ ಇಂಥ ಹೊತ್ತಿಗೇ ಇರುವುದು. ಜೀವಕ್ಕೆ ಅಪಾಯ ಇದ್ದಾಗ, ತನಗೋ ಇನ್ನೊಬ್ಬರಿಗೋ ತೀವ್ರ ಹಾನಿ ಮಾಡುವ ಸ್ಥಿತಿಯಲ್ಲಿದ್ದಾಗ, ನೋಂದಾಯಿತ ಯಾವ ಡಾಕ್ಟರ್ ಬೇಕಾದರೂ 72 ಗಂಟೆಯ ತನಕ ತುರ್ತು ಚಿಕಿತ್ಸೆ ಕೊಡಬಹುದು. ಮನೋವೈದ್ಯರೇ ಆಗಬೇಕು ಅಂತಿಲ್ಲ. ಜಗಳ ಮಾಡದೆ, ‘ಸರ್, ಇವತ್ತು ರಾತ್ರಿಗೆ ಏನಾದರೂ ಕೊಡಿ, 14416ರಲ್ಲಿ ಮನೋವೈದ್ಯರ ಜೊತೆ ಬೇಕಾದರೆ ಮಾತಾಡಿ’ ಅಂತ ಕೇಳಿ.

ಹೊರಡುವಾಗ ಆಧಾರ್, ಬಿಪಿಎಲ್ ಕಾರ್ಡು, ಹಳೇ ಚೀಟಿಗಳು, ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಯ ಸ್ಟ್ರಿಪ್ಪುಗಳನ್ನು ಒಂದು ಚೀಲಕ್ಕೆ ಹಾಕಿಕೊಳ್ಳಿ. ಬಿಪಿಗೆ, ಸಕ್ಕರೆಗೆ ತಗೊಳ್ಳುವುದೂ ಇರಲಿ. ಜೊತೆಗೆ ಇಬ್ಬರು ಹೋಗಿ, ಒಬ್ಬರು ಚೀಟಿ ಮಾಡಿಸಲು, ಒಬ್ಬರು ಪಕ್ಕದಲ್ಲಿರಲು. ಒಂದು ಗುಂಪು ಹೋದರೆ ಅನುಕೂಲಕ್ಕಿಂತ ಗಲಾಟೆಯೇ ಜಾಸ್ತಿ.

ವಿಷದ ವಿಷಯದಲ್ಲಿ ಒಂದೆರಡು ಮಾತು. ಉಪ್ಪುನೀರು, ಸೋಪಿನ ನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ವಾಂತಿ ಶ್ವಾಸಕೋಶಕ್ಕೆ ಇಳಿದರೆ ಬದುಕಬೇಕಾದವರೂ ಹೋಗುತ್ತಾರೆ. ಬಾಟಲಿ ಅಥವಾ ಮಾತ್ರೆಯ ಸ್ಟ್ರಿಪ್ಪನ್ನು ಜೊತೆಗೇ ತನ್ನಿ. ಎಷ್ಟು ಹೊತ್ತಿಗೆ ಅನ್ನುವುದನ್ನು ಸರಿಯಾಗಿ ಹೇಳಿ. ಕೇಸಾಗುತ್ತದೆ ಅನ್ನುವ ಹೆದರಿಕೆಗೆ ‘ನೀರು ಅಂತ ತಿಳಿದು ಕುಡಿದುಬಿಟ್ಟ’ ಅಂತ ಸುಳ್ಳು ಹೇಳುವವರು ಬಹಳ. ಆ ಸುಳ್ಳಿನಿಂದ ಚಿಕಿತ್ಸೆ ದಾರಿ ತಪ್ಪುತ್ತದೆ, ಆಮೇಲೆ ಮನೋವೈದ್ಯರ ತನಕ ರೋಗಿ ಮುಟ್ಟುವುದೇ ಇಲ್ಲ.

ಪೊಲೀಸ್, ಕೇಸು, ಒಪ್ಪಿಗೆ

ಈ ಹೆದರಿಕೆ ಹಳೆಯ ಕಾನೂನಿನಿಂದ ಬಂದದ್ದು. ಹಿಂದೆ ಐಪಿಸಿ 309ರ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸಿದವರಿಗೆ ಒಂದು ವರ್ಷದ ತನಕ ಜೈಲು ಇತ್ತು. 2018ರ ಮೇ 29ರಿಂದ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಇದನ್ನು ಹಲ್ಲುಕಿತ್ತ ಹಾವು ಮಾಡಿತು. ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ ಅಂತ ಅದು ಹೇಳುತ್ತದೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು, ಅದರಲ್ಲಿ 309ರಂಥ ಸೆಕ್ಷನ್ನೇ ಇಲ್ಲ. ಸರ್ಕಾರಿ ನೌಕರರ ಕೆಲಸ ತಡೆಯಲು ಹೀಗೆ ಮಾಡಿದರೆ ಮಾತ್ರ ಅಪರಾಧ. ಆಸ್ಪತ್ರೆಯವರು ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ) ಅಂತ ಬರೆದು ಠಾಣೆಗೆ ತಿಳಿಸುತ್ತಾರೆ, ಪೊಲೀಸರು ಬಂದು ಹೇಳಿಕೆ ತೆಗೆದುಕೊಳ್ಳಬಹುದು. ಅದು ಕ್ರಮ. ರೋಗಿಯ ಮೇಲೆ ಕೇಸು ಹಾಕಿದ ಹಾಗಲ್ಲ.

ಪೊಲೀಸರಿಗೂ ಈ ಕಾಯ್ದೆಯಲ್ಲಿ ಕೆಲಸ ಇದೆ. ಬೀದಿಯಲ್ಲಿ ಅಲೆಯುತ್ತಿರುವ, ತನ್ನನ್ನು ತಾನು ನೋಡಿಕೊಳ್ಳಲಾಗದ ವ್ಯಕ್ತಿ ಕಂಡರೆ ಅವರು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. ಮನೆಯಲ್ಲಿ ಕತ್ತಿ ಹಿಡಿದು ನಿಂತಿದ್ದಾರೆ ಅಂದರೆ 112ಕ್ಕೆ ಮಾಡಲು ಸಂಕೋಚ ಬೇಡ. ಮಾಡುವಾಗ ‘ಮಾನಸಿಕ ತೊಂದರೆ ಇದೆ, ಆಸ್ಪತ್ರೆಗೆ ಸಾಗಿಸಲು ಸಹಾಯ ಬೇಕು’ ಅಂತ ಮೊದಲ ಮಾತಲ್ಲೇ ಹೇಳಿ. ಕಳ್ಳನನ್ನು ಹಿಡಿಯಲು ಬಂದ ಹಾಗೆ ಬಂದರೆ ಕೆಲಸ ಕೆಡುತ್ತದೆ. ಸರಪಳಿ ಹಾಕಿ ಕಟ್ಟುವುದನ್ನು ಕಾಯ್ದೆ ಪೂರ್ತಿ ನಿಷೇಧಿಸಿದೆ. ಅದು ದೇವಸ್ಥಾನದಲ್ಲೇ ಆಗಲಿ, ಮನೆ ಹಿತ್ತಲಲ್ಲೇ ಆಗಲಿ.

ಬರಲು ಒಪ್ಪದವರನ್ನು ಸೇರಿಸಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಕಾಯ್ದೆ ಮೊದಲು ಒಪ್ಪಿಗೆಯನ್ನೇ ಕೇಳುತ್ತದೆ. ಅಪಾಯ ದೊಡ್ಡದಿದ್ದು, ತೀರ್ಮಾನ ಮಾಡುವ ಸ್ಥಿತಿಯಲ್ಲಿ ಅವರಿಲ್ಲದಿದ್ದರೆ 89ನೇ ಸೆಕ್ಷನ್ ಪ್ರಕಾರ ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ಚಿಕಿತ್ಸೆಯ ವಿಷಯದಲ್ಲಿ ರೋಗಿಯ ಪರವಾಗಿ ನಿಲ್ಲುವವರು, ಅರ್ಜಿ ಕೊಡಬಹುದು. ಒಬ್ಬ ಮನೋವೈದ್ಯರು, ಇನ್ನೊಬ್ಬ ತಜ್ಞರು ಅಥವಾ ಡಾಕ್ಟರು ಬೇರೆಬೇರೆಯಾಗಿ ಪರೀಕ್ಷಿಸಿ ಒಪ್ಪಿದರೆ 30 ದಿನದ ತನಕ ಇರಿಸಿಕೊಳ್ಳುತ್ತಾರೆ. ಆಸ್ತಿ ಜಗಳಕ್ಕೋ ಬೇರೆ ಜಾತಿಯ ಹುಡುಗನನ್ನು ಮದುವೆಯಾದದ್ದಕ್ಕೋ ‘ತಲೆ ಸರಿಯಿಲ್ಲ’ ಅಂತ ಸೇರಿಸಿಬಿಡುತ್ತಿದ್ದ ಕಾಲವೂ ಇತ್ತು, ಅದಕ್ಕೇ ಈ ಬಿಗಿ.

ಮನೆಗೆ ಬಂದ ಮೇಲೆ

ಡಿಸ್ಚಾರ್ಜ್ ಆಯ್ತು ಅಂದರೆ ಗಂಡಾಂತರ ಕಳೆಯಿತು ಅಂದುಕೊಳ್ಳುತ್ತೇವೆ. ಆಸ್ಪತ್ರೆಯಿಂದ ಬಂದ ಮೊದಲ ವಾರಗಳೇ ಜಾಸ್ತಿ ಅಪಾಯದವು. ನೋಡಲು ಬರುವ ನೆಂಟರ ಸಾಲು, ‘ಯಾಕಪ್ಪ ಹಿಂಗ್ ಮಾಡ್ಕೊಂಡೆ’ ಅನ್ನುವ ಪ್ರಶ್ನೆ, ನಿಂತುಹೋದ ಕೆಲಸ, ಸಾಲಗಾರರು, ಎಲ್ಲ ಒಟ್ಟಿಗೆ ಎದುರಾಗುತ್ತವೆ. ನೆಂಟರನ್ನು ಬಾಗಿಲಲ್ಲೇ ಕಾಫಿ ಕೊಟ್ಟು ಕಳಿಸುವ ಗಟ್ಟಿಗರು ಒಬ್ಬರು ಮನೆಯಲ್ಲಿ ಬೇಕು.

ಡಿಪ್ರೆಶನ್ನಿನ ಮಾತ್ರೆಗಳು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ‘ಹತ್ತು ದಿನ ತಗೊಂಡೆ, ಏನೂ ಆಗಿಲ್ಲ’ ಅಂತ ನಿಲ್ಲಿಸುವವರು ಮಾತ್ರೆ ಕೆಲಸ ಶುರುಮಾಡುವ ಮೊದಲೇ ಬಿಟ್ಟವರು. ಭ್ರಮೆಗೆ ಕೊಡುವ ಔಷಧಿಯಲ್ಲಿ ಒಂದು ವಿಚಿತ್ರ ಅಡ್ಡಪರಿಣಾಮ ಇದೆ. ಒಬ್ಬೊಬ್ಬರಿಗೆ, ಅದರಲ್ಲೂ ಎಳೆಯ ಗಂಡಸರಿಗೆ, ಶುರುವಿನ ದಿನಗಳಲ್ಲಿ ಕುತ್ತಿಗೆ ಒಂದು ಕಡೆಗೆ ತಿರುಚಿಕೊಳ್ಳುತ್ತದೆ, ಕಣ್ಣು ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ, ನಾಲಿಗೆ ದಪ್ಪವಾದಂತೆ ಮಾತು ತೊದಲುತ್ತದೆ. ನೋಡಿದವರಿಗೆ ಮೈಮೇಲೆ ಬಂದಂತೆಯೇ ಕಾಣುತ್ತದೆ. ಔಷಧಿ ಬಿಡಿಸಿ ಮಂತ್ರವಾದಿ ಹತ್ತಿರ ಓಡುತ್ತಾರೆ. ಆಸ್ಪತ್ರೆಗೆ ಹೋದರೆ ಒಂದು ಇಂಜೆಕ್ಷನ್ನಿಗೆ ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತದೆ, ಡಾಕ್ಟರು ಮಾತ್ರೆ ಬದಲಾಯಿಸುತ್ತಾರೆ. ಇದನ್ನು ಡಿಸ್ಚಾರ್ಜ್ ದಿನವೇ ಹೇಳಿ ಕಳಿಸಿದರೆ ಎಷ್ಟು ಚೆನ್ನಾಗಿರುತ್ತದೆ! ಹೇಳಲು ಅವರಿಗೆ ಪುರುಸೊತ್ತಿರುವುದಿಲ್ಲ.

ಖರ್ಚಿನ ವಿಷಯ. ಸರ್ಕಾರಿ ಆಸ್ಪತ್ರೆಯಲ್ಲಿ ಬಹುತೇಕ ಮಾತ್ರೆಗಳು ಪುಕ್ಕಟೆ ಸಿಗುತ್ತವೆ. ಆರೋಗ್ಯ ವಿಮೆ ಇದ್ದರೆ, ದೇಹದ ಕಾಯಿಲೆಯ ಹಾಗೆ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಅಂತ ಇದೇ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಸೇರಿಸುವಾಗಲೇ ಕೇಳಿ.

ಹೊರದೇಶದಲ್ಲಿರುವ ಕನ್ನಡಿಗರಿಗೆ: ಅಮೆರಿಕ, ಕೆನಡಾದಲ್ಲಿ 988. ಅಮೆರಿಕದ 988ರಲ್ಲಿ ಇಂಗ್ಲಿಷ್ ಬಾರದ ಅಪ್ಪ ಅಮ್ಮನಿಗೆ ದುಭಾಷಿ ಬೇಕು ಅಂತ ಕೇಳಬಹುದು. ಬ್ರಿಟನ್ನಿನ ಇಂಗ್ಲೆಂಡ್, ವೇಲ್ಸ್‌ನಲ್ಲಿ 111 ಒತ್ತಿ ಎರಡನೇ ಆಯ್ಕೆ, ಆಸ್ಟ್ರೇಲಿಯಾದಲ್ಲಿ 13 11 14. ಅಲ್ಲಿ ಕೂತು ಊರಿನ ಅಮ್ಮನ ಚಿಂತೆ ಮಾಡುವವರು ಊರಿನಲ್ಲಿ ಅರ್ಧ ಗಂಟೆಯೊಳಗೆ ಮನೆ ಮುಟ್ಟಬಲ್ಲ ಒಬ್ಬರ ನಂಬರ್ ಇಟ್ಟುಕೊಳ್ಳಬೇಕು. ಪಕ್ಕದ ಮನೆಯ ಆಂಟಿ, ಹಾಲು ಹಾಕುವವರು, ಹಳೇ ಸಹಪಾಠಿ, ಯಾರಾದರೂ ಸರಿ.

ಕೊನೆಗೆ ಒಂದು ಕಾಗದದ ಕೆಲಸ ಇದೆ. ಚೆನ್ನಾಗಿರುವ ದಿನಗಳಲ್ಲಿ ಮಾಡಬೇಕಾದ್ದು. ಒಮ್ಮೆ ಹೀಗೆ ಆದವರು ತಮ್ಮ ನಾಮನಿರ್ದೇಶಿತ ಪ್ರತಿನಿಧಿ ಯಾರು ಅಂತ ಮೊದಲೇ ಬರೆದಿಡಬಹುದು. ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದರೆ ಅಥವಾ ಹೆಬ್ಬೆಟ್ಟು ಒತ್ತಿದರೆ ಸಾಕು ಅಂತ 14ನೇ ಸೆಕ್ಷನ್ ಹೇಳುತ್ತದೆ. ಅಣ್ಣನೇ ಆಗಬೇಕು, ಗಂಡನೇ ಆಗಬೇಕು ಅಂತಿಲ್ಲ, ಗೆಳತಿಯೂ ಆಗಬಹುದು. ಆ ಪ್ರತಿನಿಧಿಯ ಒಪ್ಪಿಗೆಯನ್ನೂ ಕೇಳಿಕೊಳ್ಳಿ. ಅದರ ಕೆಳಗೇ ಇನ್ನಷ್ಟು ಸಾಲು ಸೇರಿಸಿ: ಕಾಯಿಲೆ ತಿರುಗಿ ಬರುವಾಗ ನನ್ನಲ್ಲಿ ಮೊದಲು ಕಾಣುವುದೇನು, ಯಾವ ಮಾತ್ರೆ ಒಗ್ಗಿತು, ಯಾವುದು ಒಗ್ಗಲಿಲ್ಲ, ಯಾರು ಮಾತಾಡಿದರೆ ಕೇಳುತ್ತೇನೆ, ಡಾಕ್ಟರ ನಂಬರ್, 14416. ಒಂದು ಪ್ರತಿ ಪ್ರತಿನಿಧಿಯ ಹತ್ತಿರ ಇರಲಿ, ಇನ್ನೊಂದರ ಫೋಟೋ ತೆಗೆದು ಮನೆಯವರ ಫೋನಿನಲ್ಲಿಡಿ.